ಏಕನಾಥರ ಪ್ಯಾರಿಸ್ ಕೆಫೆ

ದೆಹಲಿಯ ಪೀತಮ್‌ಪುರದ ಕನ್ನಡದವರ ನಡುವೆ ಏಕನಾಥರಿಗೆ ‘ಪ್ಯಾರಿಸ್ ಏಕನಾಥ’ ಎಂಬ ಹೆಸರು ಬಿದ್ದು ಇಪ್ಪತ್ತೆರಡು ವರ್ಷಗಳಾಗಿದ್ದವು. ಸಾವಿರದ ಒಂಬೈನೂರ ಎಂಬತ್ನಾಲ್ಕರಲ್ಲಿ, ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದಾಗ, ಸಾಹೇಬರೊಬ್ಬರ ಫೈಲು ಹೊತ್ತುಕೊಂಡು ಯಾವುದೋ ಸಮ್ಮೇಳನಕ್ಕೆಂದು ಹನ್ನೆರಡು ದಿನ ಪ್ಯಾರಿಸ್ಸಿಗೆ ಹೋಗಿಬಂದಿದ್ದರು. ಆ ಹನ್ನೆರಡು ದಿನಗಳನ್ನೇ ಅಂದಿನಿಂದ ಎಲ್ಲರಿಗೂ ಬಡಿಸುತ್ತ ಬಂದಿದ್ದರು. ಗಣೇಶನ ಹಬ್ಬಕ್ಕೆ ಸೇರಲಿ, ಯಾರದೋ ಮನೆಯ ಸೀಮಂತಕ್ಕೆ ಸೇರಲಿ, ಊಟ ಮುಗಿಯುವ ಹೊತ್ತಿಗೆ ಒಬ್ಬರು ಕೆಣಕಿದರೆ ಸಾಕು, ಏಕನಾಥರು ಶುರು. ಬೆಳಿಗ್ಗೆಯಾದರೆ ಹಾಲು ಬೆರೆತ ಕಾಫೆ ಕ್ರೆಮ್. ಮಧ್ಯಾಹ್ನದ ಊಟವಾದ ಮೇಲೆ ಹಾಲಿನ ಕಾಫಿ ಕೇಳಿದರೆ ಅಲ್ಲಿನ ಮಾಣಿ ಮೇಲಿಂದ ಕೆಳಗೆ ನೋಡುತ್ತಾನೆ, ಆಗ ನ್ವಾಜೆಟ್ ಕೇಳಬೇಕು, ಅಂದರೆ ಕಪ್ಪು ಕಾಫಿಗೆ ಒಂದೇ ತೊಟ್ಟು ಹಾಲು. ಚಳಿಗೆ ಶೊಕೊಲಾ, ಗಟ್ಟಿಯಾದ ಬಿಸಿ ಚಾಕೊಲೇಟು. ಮಕ್ಕಳಿಗೆ ಪುದೀನದ ಹಸಿರು ಶರಬತ್ತು. ಕೊನೆಗೆ ಕುರ್ಚಿಗೆ ಒರಗಿ, ತಮಗೆ ಮಾತ್ರ ಸಿತ್ರೋ ಪ್ರೆಸೆಯೇ ಆಗಬೇಕು ಎನ್ನುತ್ತಿದ್ದರು. ಹಿಂಡಿದ ನಿಂಬೆರಸ ಬೇರೆ, ತಣ್ಣೀರು ಬೇರೆ, ಸಕ್ಕರೆ ಬೇರೆ ತಂದಿಡುತ್ತಾರೆ, ನಮಗೆ ಬೇಕಾದಂತೆ ನಾವೇ ಬೆರೆಸಿಕೊಳ್ಳಬೇಕು. ಕೇಳಿದವರು ತಲೆದೂಗುತ್ತಿದ್ದರು.

ಎಲ್ಲ ಸುಳ್ಳು. ಆ ಪಾನೀಯಗಳು ನಿಜ, ಏಕನಾಥರು ಅವನ್ನು ಕುಡಿದದ್ದು ಸುಳ್ಳು. ಆ ಕಾಲದಲ್ಲಿ ವಿದೇಶಕ್ಕೆ ಹೋದ ಸರ್ಕಾರಿ ನೌಕರ ಅಲ್ಲಿ ಕೈಬಿಚ್ಚಿ ಖರ್ಚು ಮಾಡಿದ್ದನ್ನು ಯಾರಾದರೂ ಕಂಡಿದ್ದರೆ ಹೇಳಲಿ. ದಿನಭತ್ಯೆಯನ್ನು ಮುಟ್ಟದೆ ಮನೆಗೆ ತರುವುದೇ ಅಂಥ ಪ್ರವಾಸದ ಗುರಿ. ಹೆಂಡತಿ ಲೀಲಾ ಎರಡು ಡಬ್ಬಿಗಳಲ್ಲಿ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ತುಂಬಿ, ನೀರು ಕಾಯಿಸುವ ರಾಡನ್ನು ಪಂಚೆಯಲ್ಲಿ ಸುತ್ತಿ ಕೊಟ್ಟಿದ್ದರು. ಹೋಟೆಲಿನ ಬಚ್ಚಲಲ್ಲಿ ನೀರು ಕಾಯಿಸಿಕೊಂಡು ಏಕನಾಥರು ಹನ್ನೆರಡು ದಿನ ಅದನ್ನೇ ತಿಂದರು. ಉಳಿದ ಭತ್ಯೆ ತಂಗಿಯ ಮದುವೆಗೆ ಒದಗಿತು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಆದರೆ ಕೋಣೆಯ ಮೇಜಿನ ಮೇಲೆ ಇಂಗ್ಲಿಷಿನ ಪ್ರವಾಸಿ ಪುಸ್ತಿಕೆಯೊಂದಿತ್ತು. ಕೆಫೆಗೆ ಹೋದವರು ಏನೇನು ಕೇಳಬೇಕು ಎಂದು ಅದರಲ್ಲಿ ಎರಡು ಪುಟ. ಏಕನಾಥರು ಅದನ್ನು ಬಾಯಿಪಾಠ ಮಾಡಿ, ಸಂಜೆ ಹೊತ್ತು ಬೀದಿಯಲ್ಲಿ ನಿಂತು ಕೆಫೆಯ ಗಾಜಿನಾಚೆ ಕುಡಿಯುವವರನ್ನು ನೋಡಿ ಬರುತ್ತಿದ್ದರು. ದೆಹಲಿಗೆ ಮರಳಿದ ಮೊದಲ ದಿನವೇ ಆಫೀಸಿನಲ್ಲಿ ಎಲ್ಲರೂ ಸುತ್ತುಗಟ್ಟಿ ಕೇಳಿದರು. ಅವಲಕ್ಕಿ ತಿಂದೆ ಎನ್ನಲು ಬಾಯಿ ಬರಲಿಲ್ಲ.

ಎರಡು ಸಾವಿರದ ಆರರ ಚಳಿಗಾಲ ಕಳೆಯುವ ಹೊತ್ತಿಗೆ ಲೀಲಾರ ನಾಲಿಗೆಯ ಬದಿಯಲ್ಲಿ ಎದ್ದ ಹುಣ್ಣು ಮಾಯಲಿಲ್ಲ. ಪರೀಕ್ಷೆಗಳಾದವು. ರೋಹಿಣಿ ಬಡಾವಣೆಯ ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರು ಸುತ್ತಿಬಳಸದೆ ಹೇಳಿದರು: ಸೋಮವಾರ ಆಪರೇಷನ್, ನಾಲಿಗೆಯ ಅರ್ಧಕ್ಕೂ ಹೆಚ್ಚು ಭಾಗ ತೆಗೆಯಬೇಕು. ಆಮೇಲೆ ರುಚಿ ಎಷ್ಟು ಉಳಿಯುತ್ತದೆ, ಮಾತು ಎಷ್ಟು ಮರಳುತ್ತದೆ ಎಂಬುದನ್ನು ಈಗಲೇ ಹೇಳಲಾಗದು. ಮಗಳು ಹರ್ಷಿಣಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಲೀಲಾ ಅಳಲಿಲ್ಲ. ಶನಿವಾರ ಸಂಜೆ ಗಂಡನ ಎದುರು ಬಂದು ಕೂತು, ಪ್ರಯಾಸದಿಂದ ಒಂದೊಂದೇ ಮಾತು ಹೊರಡಿಸುತ್ತ ಹೇಳಿದರು, “ನೀವು ಅಲ್ಲಿ ಕುಡೀತಿದ್ರಲ್ಲ, ನಿಂಬೆಹಣ್ಣಿಂದು. ಅದನ್ನ ಒಂದ್ಸಲ ಕುಡೀಬೇಕು ರೀ.”

ಆ ರಾತ್ರಿ ಏಕನಾಥರು ಒಂದು ನಿರ್ಧಾರಕ್ಕೆ ಬಂದರು: ನಾಳೆ ಹೆಂಡತಿಗೆ ನಿಜ ಹೇಳಿಬಿಡಬೇಕು. ಸೋಮವಾರ ಕಳೆದ ಮೇಲೆ ಹೇಳಿದರೆ ಅವಳು ಬೈಯಲೂ ಆಗುವುದಿಲ್ಲ. ಬೈಯಲಾಗದವಳ ಮುಂದೆ ತಪ್ಪೊಪ್ಪಿಕೊಂಡು ಹಗುರಾಗುವುದು ಹೇಡಿತನ ಎಂದು ಅವರಿಗೇ ಅನ್ನಿಸಿತು.

ಹರ್ಷಿಣಿ ಖಾನ್ ಮಾರ್ಕೆಟಿನ ಒಂದು ಫ್ರೆಂಚ್ ಕೆಫೆಯ ವಿಳಾಸ ಬರೆದುಕೊಟ್ಟಳು. ತಾನೂ ಬರಲೇ ಎಂದು ಕೇಳಿದಳು, ಲೀಲಾ ಬೇಡವೆಂದರು. ಭಾನುವಾರ ಗಂಡಹೆಂಡತಿ ಮೆಟ್ರೋ ಹತ್ತಿ, ಕಾಶ್ಮೀರಿ ಗೇಟಿನಲ್ಲಿ ಬದಲಾಯಿಸಿ, ಕೇಂದ್ರೀಯ ಸಚಿವಾಲಯದಲ್ಲಿ ಇಳಿದು ಆಟೋ ಹಿಡಿದರು. ದಾರಿಯುದ್ದಕ್ಕೂ ಏಕನಾಥರು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದರು.

ಕೆಫೆಯಲ್ಲಿ ಮಾಣಿ ಪಟ್ಟಿ ತರುವ ಮುನ್ನವೇ ಅವರು ಹಳೆಯ ಗಿರಾಕಿಯ ಗತ್ತಿನಲ್ಲಿ ಎರಡು ಸಿತ್ರೋ ಪ್ರೆಸೆ ಎಂದರು. ಅಷ್ಟಕ್ಕೇ ಗತ್ತು ಮುಗಿಯಿತು. ಎತ್ತರದ ಲೋಟದ ತಳದಲ್ಲಿ ನಿಂಬೆರಸ, ಹೂಜಿಯಲ್ಲಿ ತಣ್ಣೀರು, ಪುಟ್ಟ ಬಟ್ಟಲಲ್ಲಿ ಸಕ್ಕರೆ ಪಾಕ ಬಂದವು. ಏಕನಾಥರು ತಮ್ಮ ಲೋಟವೆತ್ತಿ ರಸವನ್ನೆಲ್ಲ ನೀರಿನ ಹೂಜಿಗೆ ಸುರಿದರು. ಗಾಜಿನಾಚೆಯಿಂದ ನೋಡಿದವರಿಗೆ ಯಾವುದನ್ನು ಯಾವುದಕ್ಕೆ ಹಾಕುತ್ತಾರೆಂದು ತಿಳಿಯುವುದಾದರೂ ಹೇಗೆ? ನೀರನ್ನು ಲೋಟಕ್ಕೆ ಹಾಕಿಕೊಳ್ಳಬೇಕು ಎಂದು ಮಾಣಿ ಹಿಂದಿಯಲ್ಲಿ ಮೆಲ್ಲಗೆ ತಿಳಿಸಿ, ಬೇರೆ ಹೂಜಿ ತಂದಿಟ್ಟು ಹೋದ.

ಲೀಲಾ ತಮ್ಮ ಲೋಟವನ್ನು ತಾವೇ ಬೆರೆಸಿಕೊಂಡು ಒಂದು ಗುಟುಕು ಕುಡಿದರು. ಕಣ್ಣುಗಳು ಬಿಗಿಯಾಗಿ ಮುಚ್ಚಿದವು, ನೀರು ತುಂಬಿ ಕೆನ್ನೆಗಿಳಿಯಿತು. ಹುಣ್ಣಿನ ಮೇಲೆ ನಿಂಬೆರಸ ಬಿದ್ದರೆ ಏನಾಗುತ್ತದೆಂದು ಏಕನಾಥರಿಗೆ ಹೊಳೆದದ್ದೇ ಆಗ. ಇಡೀ ದಿನ ತಮ್ಮ ಸುಳ್ಳಿನ ಚಿಂತೆಯಲ್ಲೇ ಮುಳುಗಿದ್ದ ಮನುಷ್ಯನಿಗೆ ಹೆಂಡತಿಯ ಹುಣ್ಣು ನೆನಪಿಗೆ ಬಂದಿರಲಿಲ್ಲ.

“ಬಿಡು ಲೀಲಾ, ಕುಡೀಬೇಡ,” ಎಂದವರು ಅದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ಪುಸ್ತಿಕೆ, ಗಾಜು, ಬಚ್ಚಲಿನ ಬಿಸಿನೀರು, ಏನನ್ನೂ ಬಿಡಲಿಲ್ಲ.

ಲೀಲಾ ಕರವಸ್ತ್ರದಿಂದ ಬಾಯಿ ಒತ್ತಿಕೊಂಡರು. “ಗೊತ್ತು. ಡಬ್ಬಿ ಖಾಲಿ ಬಂತಲ್ಲ, ತೊಳೆದವಳು ನಾನೇ.”

ಏಕನಾಥರಿಗೆ ನಗು ಬರುವಷ್ಟು ಸಮಾಧಾನವಾಯಿತು. ಗೊತ್ತಿದ್ದೂ ಇಷ್ಟು ವರ್ಷ ನನ್ನ ಮಾನ ಕಾಪಾಡಿದಳಲ್ಲ ಎಂದುಕೊಂಡು ಅವಳ ಕೈ ಹಿಡಿಯಲು ಹೋದರು. ಲೀಲಾ ಕೈ ಹಿಂದಕ್ಕೆ ತೆಗೆದುಕೊಂಡರು.

“ಸುಳ್ಳು ಹೇಳಿದ್ದಕ್ಕೆ ಬೇಜಾರಿಲ್ಲ ರೀ. ಸುಳ್ಳೇ ಹೇಳೋದಾದ್ರೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಬಹುದಿತ್ತು. ಲೀಲಾನೂ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂತ ಒಂದು ಮಾತು ಸೇರಿಸಬಹುದಿತ್ತು.” ನೋವಿಗೆ ಸ್ವಲ್ಪ ತಡೆದರು. “ಪ್ರತಿ ಸಲ ಕಾಯ್ತಿದ್ದೆ. ನಾನು ಎಲ್ಲರಿಗೂ ಬಡಿಸ್ತಾ ನಿಂತಿರ್ತಿದ್ದೆ, ನೀವು ಅಲ್ಲಿ ಒಬ್ರೇ ಕೂತು ಕುಡೀತಿದ್ರಿ.”

ಸಂಜೆಯ ಮೆಟ್ರೋದಲ್ಲಿ ಕೂರಲು ಒಂದೇ ಜಾಗ ಸಿಕ್ಕಿತು, ಲೀಲಾ ಕೂತರು, ಏಕನಾಥರು ಕಂಬ ಹಿಡಿದು ನಿಂತರು. ಮರುದಿನ ಬೆಳಿಗ್ಗೆ ಆಪರೇಷನ್ ಕೋಣೆಯ ಬಾಗಿಲ ತನಕವೂ ಇಬ್ಬರೂ ಆ ಮಾತೆತ್ತಲಿಲ್ಲ.

ಆಪರೇಷನ್ ಆಗಿ ಒಂಬತ್ತನೆಯ ದಿನ ಲೀಲಾರನ್ನು ವಾರ್ಡಿಗೆ ತಂದರು. ಮೂಗಿನಿಂದ ಇಳಿದ ನಳಿಕೆಯಲ್ಲಿ ಗಂಜಿಯಂಥದ್ದೇನೋ ಹೋಗುತ್ತಿತ್ತು. ಮಾತಿಗೆ ಬದಲಾಗಿ ನರ್ಸ್ ಒಂದು ನೋಟ್‌ಬುಕ್ಕು, ಪೆನ್ನು ಕೊಟ್ಟಿದ್ದಳು. ಆ ಒಂಬತ್ತು ದಿನವೂ ಹೊರಗಿನ ಬೆಂಚಿನ ಮೇಲೆ ಏಕನಾಥರು ಒಂದೇ ಕೆಲಸ ಮಾಡಿದ್ದರು: ಪ್ಯಾರಿಸ್ಸನ್ನು ಮತ್ತೆ ಮೊದಲಿನಿಂದ ಕಟ್ಟಿದ್ದರು. ಆ ಮಧ್ಯಾಹ್ನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, ಅವಳ ಕೈ ಹಿಡಿದು ಹೇಳತೊಡಗಿದರು. ಇಬ್ಬರೂ ಹೋಗಿದ್ದರು. ಲೀಲಾ ನೀಲಿ ಮೈಸೂರು ರೇಷ್ಮೆ ಉಟ್ಟಿದ್ದಳು. ಸಣ್ಣಗೆ ಮಳೆ. ಕಿಟಕಿಯ ಹತ್ತಿರದ ಮೇಜು, ಎದುರುಬದುರು ಎರಡು ಕುರ್ಚಿ. ಪಕ್ಕದ ಮೇಜಿನ ಹೆಂಗಸು ಸೀರೆಯ ಸೆರಗು ಮುಟ್ಟಿ ನೋಡಿದಳು, ಲೀಲಾಗೆ ನಗು ತಡೆಯಲಾಗಲಿಲ್ಲ. ಮಾಣಿ ಬಂದ. ತಮಗೆ ಸಿತ್ರೋ ಪ್ರೆಸೆ ಎಂದರು.

ಲೀಲಾ ಕಣ್ಣು ಬಿಟ್ಟು ಕೇಳುತ್ತಿದ್ದರು. ಈ ಸಲ ಕೈ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಇನ್ನೊಂದು ಕೈಯಿಂದ ನೋಟ್‌ಬುಕ್ಕು ಹತ್ತಿರ ಎಳೆದುಕೊಂಡು ಬರೆದರು.

“ನನಗೇನು ತರಲು ಹೇಳಿದಿರಿ?”

ಏಕನಾಥರು ಬಾಯಿ ತೆರೆದರು. ಕಾಫೆ ಕ್ರೆಮ್, ನ್ವಾಜೆಟ್, ಶೊಕೊಲಾ, ಪುದೀನದ ಶರಬತ್ತು ಸಾಲಾಗಿ ನೆನಪಿಗೆ ಬಂದವು. ಅದರಲ್ಲಿ ಲೀಲಾಗೆ ಯಾವುದು? ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಅವಳು ಡಿಕಾಕ್ಷನ್ ಇಳಿಸಿ ಇವರ ಮುಂದೆ ಕಾಫಿ ತಂದಿಟ್ಟಿದ್ದಳು. ಅವಳು ಕುಡಿಯುತ್ತಿದ್ದುದು ಅದೇ ಕಾಫಿಯೋ, ಚಹಾವೋ, ಬರೀ ಹಾಲೋ? ಸಕ್ಕರೆ ಎಷ್ಟು? ಯಾವ ಹೊತ್ತಿಗೆ, ಎಲ್ಲಿ ಕೂತು? ಪೇಪರಿನ ಹಿಂದೆ ಮುಖ ಹುದುಗಿಸಿ ಕೂತಿರುತ್ತಿದ್ದವರಿಗೆ ಒಂದೂ ತಿಳಿಯದು. ಏನೋ ಒಂದು ಹೆಸರು ಹೇಳಿಬಿಡಬಹುದಿತ್ತು. ಆದರೆ ಅವಳ ಮುಖ ನೋಡಿಕೊಂಡು ಈ ಒಂದು ಸುಳ್ಳು ಹೇಳಲು ಅವರಿಂದ ಆಗಲಿಲ್ಲ.

“ನಿನಗೆ ಏನು ಇಷ್ಟ, ಲೀಲಾ?” ಎಂದು ಕೇಳಿದರು.

ಲೀಲಾ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. ಮೂಗಿನ ನಳಿಕೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಏನೂ ಬರೆಯದೆ ಪೆನ್ನಿನ ಮುಚ್ಚಳ ಹಾಕಿದರು.