ಕಲ್ಲುಸಕ್ಕರೆ ಕರಗುವ ತನಕ

"ಫೇಲಾ? ನನ್ನ ಹೊಟ್ಟೇಲಾ?"

ವಾರ್ಡಿನ ಖಾಲಿ ಮಂಚವೊಂದರ ಮೇಲೆ ಒರಗಿದ್ದ ಸುಡಲೈಮುತ್ತು ಎದ್ದು ಕೂತೇಬಿಟ್ಟ. ತಿಂಗಳ ಮಾತ್ರೆಗೆಂದು ದೊಡ್ಡಾಸ್ಪತ್ರೆಗೆ ಬಂದವನು, ವಾರ್ಡಿಗೂ ಒಮ್ಮೆ ತಲೆ ಹಾಕಿ ನಾಲ್ಕು ಜನರನ್ನು ಮಾತಾಡಿಸದೆ ಹೋದರೆ ಅವನಿಗೆ ಉಂಡದ್ದು ಜೀರ್ಣವಾಗುವುದಿಲ್ಲ. ಅಲ್ಲಿ ಡಾಕ್ಟರ್ ಪೊನ್‌ಮಲರ್ ಕಣ್ಣಿಗೆ ಬಿದ್ದಳು. "ಏನ್ ತಾಯೀ, ಇನ್ನೂ ಇಲ್ಲೇ ಇದೀರಾ? ಪಾಸ್ ಮಾಡ್ಕೊಂಡು ನಿಮ್ಮೂರಿಗೆ ಹೊರಟುಹೋಗಿರ್ತೀರಿ ಅಂದ್ಕೊಂಡಿದ್ದೆ" ಎಂದು ಕೇಳಿದ್ದ, ಅಷ್ಟೆ.

"ಹ್ಞೂಂ ಅಣ್ಣಾಚಿ, ನಿಮ್ಮ ಹೊಟ್ಟೇಲೇ," ಎಂದಳು ಪೊನ್‌ಮಲರ್. ಸಿಟ್ಟಿನಿಂದ ಹೇಳಲಿಲ್ಲ, ನಕ್ಕೇ ಹೇಳಿದಳು. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಆ ಹೊಟ್ಟೆ ಅಂತಿಂಥ ಹೊಟ್ಟೆಯಲ್ಲ. ಸುಡಲೈಮುತ್ತು ತೆಂಕಾಸಿ–ತಿರುಚೆಂದೂರು ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಕಾಲದಲ್ಲೇ ರಕ್ತದ ಯಾವುದೋ ನಿಧಾನದ ಕಾಯಿಲೆ ಅಂಟಿಕೊಂಡಿತ್ತು. ಮಾತ್ರೆಯಿಂದ ಅದು ಹತೋಟಿಯಲ್ಲಿತ್ತು. ಆದರೆ ಎಡ ಪಕ್ಕೆಲುಬಿನ ಕೆಳಗೆ ಅಡಗಿ ಕೂರಬೇಕಾದ ಗುಲ್ಮ, ಡಾಕ್ಟರುಗಳು ಸ್ಪ್ಲೀನು ಎನ್ನುವುದು, ಊದಿಕೊಂಡು ನಾಲ್ಕು ಬೆರಳಿನಷ್ಟು ಕೆಳಗಿಳಿದಿತ್ತು. ಕೈಗೆ ಇಷ್ಟು ಚೆನ್ನಾಗಿ ಸಿಗುವ ಗುಲ್ಮ ಪರೀಕ್ಷಕರಿಗೆ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಹನ್ನೊಂದು ವರ್ಷದಿಂದ, ಡಾಕ್ಟರುಗಳ ಮೇಲಿನ ಪದವಿಯ ಪ್ರಾಯೋಗಿಕ ಪರೀಕ್ಷೆ ಬಂತೆಂದರೆ ಅವನಿಗೆ ಕರೆ ಬರುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮದುವೆಗೆ ಹೊರಟವನಂತೆ ಬಂದು ಮಲಗುತ್ತಿದ್ದ. ಹೆದರಿ ಬೆವರುವ ಮಕ್ಕಳನ್ನು ಕಂಡರೆ ಅವನ ಕರುಳು ತಡೆಯುತ್ತಿರಲಿಲ್ಲ. ಪರೀಕ್ಷಕರು ಅತ್ತ ತಿರುಗಿದ್ದೇ ತಡ, "ಸ್ಪ್ಲೀನು, ನಾಲ್ಕು ಬೆರಳು, ಬೇರೇನೂ ಇಲ್ಲ, ಧೈರ್ಯವಾಗಿ ಹೇಳು" ಎಂದು ಪಿಸುಗುಡುತ್ತಿದ್ದ. "ನನ್ನ ಹೊಟ್ಟೆಯಿಂದ ಹುಟ್ಟಿದ ಡಾಕ್ಟರುಗಳು ಮೂವತ್ತಾರು ಜನ" ಎಂದು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ.

ಕಳೆದ ಪರೀಕ್ಷೆಯಲ್ಲಿ ಪೊನ್‌ಮಲರ್‌ಗೂ ಅದನ್ನೇ ಪಿಸುಗುಟ್ಟಿದ್ದ. ಅವಳ ಕೈ ಹೊಟ್ಟೆಗೆ ತಾಗಿದಾಗ ಮಂಜುಗಡ್ಡೆಯಂತಿತ್ತು, ಪಾಪ ಅನಿಸಿತ್ತು. ಅವಳು ನೇರ ಎಡಗಡೆಗೆ ಕೈ ಹಾಕಿ, ನಾಲ್ಕು ಬೆರಳು ಅಳೆದು, ಹೇಳಿ ಮುಗಿಸಿದಳು. "ಬಲಗಡೆ?" ಎಂದು ಕೇಳಿದರು ಪರೀಕ್ಷಕರು. ಬಲಗಡೆಗೆ ಅವಳು ಕೈಯನ್ನೇ ಇಟ್ಟಿರಲಿಲ್ಲ. ಆ ವರ್ಷ ಅವನ ಪಿತ್ತಜನಕಾಂಗವೂ ಎರಡು ಬೆರಳು ಊದಿ ಕೆಳಗಿಳಿದಿದ್ದು ಅವನಿಗೇ ಗೊತ್ತಿರಲಿಲ್ಲ.

"ಅಯ್ಯೋ ಪಾಪಿ ಬಾಯಿ!" ಎಂದು ಸುಡಲೈಮುತ್ತು ಬಾಯಿಯ ಮೇಲೆ ಪಟಪಟ ಹೊಡೆದುಕೊಂಡ. ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಹೆಂಡತಿ ಪೇಚ್ಚಿಯಮ್ಮ, "ಇನ್ನೆರಡು ಹಾಕ್ಕೊಳ್ಳಿ, ನಾನು ಮೂವತ್ತೆಂಟು ವರ್ಷದಿಂದ ಹೇಳ್ತಾ ಇದೀನಿ" ಎಂದಳು.

"ತಪ್ಪು ನಿಮ್ಮದಲ್ಲ ಅಣ್ಣಾಚಿ. ನನ್ನ ಕೈಯನ್ನ ಬಿಟ್ಟು ನಿಮ್ಮ ಮಾತಿಗೆ ಕಿವಿ ಕೊಟ್ಟಿದ್ದು ನಾನು."

"ಮತ್ತೆ ಯಾವಾಗ ತಾಯಿ ಪರೀಕ್ಷೆ?"

"ಇನ್ನು ಎಂಟು ದಿನ. ಶಂಕರನ್‌ಕೋವಿಲ್ ಆಸ್ಪತ್ರೇಲಿ ನನಗೆ ಅಂತ ಒಂದು ಜಾಗ ಇಟ್ಕೊಂಡು ಕಾಯ್ತಿದಾರೆ. ಈ ಸಲವೂ ಹೋದ್ರೆ ಬೇರೆಯವರಿಗೆ ಕೊಡ್ತಾರೆ."

ಅದಕ್ಕಿಂತ ದೊಡ್ಡ ಮಾತೊಂದು ಅವಳ ಒಳಗೇ ಉಳಿಯಿತು. ಫೇಲಾದ ಮೇಲೆ ಅವಳಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಗಿತ್ತು. ರೋಗಿಯನ್ನು ಮುಟ್ಟುವ ಮೊದಲು ಸ್ಕ್ಯಾನ್ ರಿಪೋರ್ಟು ನೋಡುವಳು. ಅದು ಇಲ್ಲವಾದರೆ ನರ್ಸಿನ ಮುಖ ನೋಡುವಳು. ಯಾರಾದರೂ ಮೊದಲು ಹೇಳಲಿ, ಆಮೇಲೆ ತನ್ನ ಕೈಗೂ ಹಾಗೇ ಸಿಕ್ಕಿತು ಎನ್ನೋಣ ಎಂದು ಕಾಯುತ್ತಿದ್ದಳು. ಪರೀಕ್ಷೆಯಲ್ಲಿ ರಿಪೋರ್ಟು ಕೊಡುವುದಿಲ್ಲ. ಒಂದು ಹೊಟ್ಟೆ, ಹತ್ತು ನಿಮಿಷ, ಎರಡು ಕೈ.

ಮರುದಿನ ಮೂರು ಗಂಟೆಗೆ ಸುಡಲೈಮುತ್ತು ಹೆಂಡತಿಯೊಂದಿಗೆ ಬಂದು ನಿಂತಿದ್ದ. "ಈ ಹೊಟ್ಟೆ ಪರೀಕ್ಷೆ ತನಕ ನಿಮ್ಮದು. ನಾನು ಬಾಯಿ ಬಿಡಲ್ಲ."

ಆ ಮಾತು ಎರಡೇ ನಿಮಿಷ ನಿಂತಿತು. "ಅಲ್ಲಲ್ಲ, ಇನ್ನೂ ಸ್ವಲ್ಪ ಕೆಳಗೆ" ಎಂದ. ಪೇಚ್ಚಿಯಮ್ಮ ಚೀಲದಿಂದ ಉಡನ್‌ಗುಡಿಯ ತಾಳೆ ಕಲ್ಲುಸಕ್ಕರೆ ತೆಗೆದು, ನೆಲ್ಲಿಕಾಯಿ ಗಾತ್ರದ ಒಂದು ತುಂಡನ್ನು ಗಂಡನ ಬಾಯಿಗೆ ತುರುಕಿದಳು. "ಇದು ಕರಗೋ ತನಕ ಒಂದು ಮಾತು ಬಂದ್ರೂ ರಾತ್ರಿ ಇಡ್ಲಿ ಇಲ್ಲ." ಕಲ್ಲುಸಕ್ಕರೆ ಕರಗಲು ಸುಮಾರು ಹತ್ತು ನಿಮಿಷ ಹಿಡಿಯುತ್ತಿತ್ತು. ಪರೀಕ್ಷೆಯ ಅವಧಿಗೆ ಅದು ತಾಳೆಯಾಯಿತು.

ಬಾಯಿ ನಿಂತರೂ ಹುಬ್ಬು ನಿಲ್ಲಲಿಲ್ಲ. ಅವಳ ಕೈ ಸರಿಯಾದ ಜಾಗಕ್ಕೆ ಬಂದೊಡನೆ ಹುಬ್ಬು ಮೇಲೇರುತ್ತಿತ್ತು, ತಪ್ಪಿದರೆ ಗಂಟಿಕ್ಕುತ್ತಿತ್ತು. "ಇವರ ಹುಬ್ಬೂ ಮಾತಾಡುತ್ತೆ ಅಕ್ಕ!" ಎಂದು ಪೊನ್‌ಮಲರ್ ದೂರಿದಳು. ಮುಖಕ್ಕೆ ಟವೆಲು ಮುಚ್ಚೋಣವೆಂದರೆ, ನೋವಾಗುತ್ತಿದೆಯೇ ಎಂದು ರೋಗಿಯ ಮುಖ ನೋಡುತ್ತಲೇ ಒತ್ತಬೇಕು ಎಂಬುದು ನಿಯಮ. ಕೊನೆಗೆ ಸುಡಲೈಮುತ್ತುವೇ ಉಪಾಯ ಕಂಡುಕೊಂಡ. ಟಿಕೆಟ್ ತೆಗೆಯದವನು ಸಾವಿರ ಕಥೆ ಹೇಳುವಾಗ ಕಂಡಕ್ಟರು ಇಟ್ಟುಕೊಳ್ಳುವ ಒಂದು ಮುಖವಿದೆ. ಅದನ್ನು ಹಾಕಿಕೊಂಡ ಮೇಲೆ ಅವನಿಂದ ಒಂದು ಸುಳಿವೂ ಹೊರಬೀಳಲಿಲ್ಲ.

ಮೂರನೆಯ ದಿನಕ್ಕೆ ಅವನ ಹೊಟ್ಟೆ ಅವಳಿಗೆ ಬಾಯಿಪಾಠವಾಯಿತು. "ಇದರಿಂದ ಪ್ರಯೋಜನ ಇಲ್ಲ" ಎಂದು ಅವನು ಹೊರರೋಗಿಗಳ ಬೆಂಚಿಗೆ ಹೋಗಿ, ಹಳೆಯ ಸೀಟಿ ಊದಿ, "ಹೊಟ್ಟೆ ತೋರಿಸೋರು ಯಾರಿದೀರಿ? ಒಳಗೆ ಜಾಗ ಇದೆ, ಬನ್ನಿ ಬನ್ನಿ, ರೈಟ್!" ಎಂದು ಕೂಗಿ ಆರು ಜನರನ್ನು ಸಾಲಾಗಿ ಕರೆತಂದ. ಆರನೆಯವನು ಅವನ ಹಳೆಯ ಡ್ರೈವರ್ ಗೆಳೆಯ. ಪೊನ್‌ಮಲರ್ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಬಲಗಡೆಯ ಕೆಳಗಿನಿಂದ ಶುರುಮಾಡಿ ಮೇಲಕ್ಕೆ, ಎಡಕ್ಕೆ ಒತ್ತುತ್ತ ಹೋದಳು. ಏನೂ ಸಿಗಲಿಲ್ಲ. ಸುಡಲೈಮುತ್ತುವಿನ ಮುಖ ನೋಡಿದಳು, ಕಂಡಕ್ಟರ ಮುಖ. ಮತ್ತೊಮ್ಮೆ ಒತ್ತಿದಳು. ಹಣೆಯಲ್ಲಿ ಬೆವರೊಡೆಯಿತು.

"ಏನೂ ಇಲ್ಲ," ಎಂದಳು ಕೊನೆಗೆ. "ಬರೀ ಪರೋಟ."

ಸುಡಲೈಮುತ್ತು ಕಲ್ಲುಸಕ್ಕರೆ ಕಡಿದು ನುಂಗಿ ಚಪ್ಪಾಳೆ ತಟ್ಟಿದ. ಡ್ರೈವರ್ ಮಾತ್ರ ಸ್ವಲ್ಪ ಬೇಸರದಿಂದ ಅಂಗಿ ಇಳಿಸಿಕೊಂಡ.

"ಅಲ್ಲಮ್ಮಾ," ಎಂದು ಪೇಚ್ಚಿಯಮ್ಮ ಒಂದು ದಿನ ಕೇಳಿದಳು, "ಎಡಗಡೆ ಗಡ್ಡೆ ಸಿಕ್ತು ಅಂದ್ರೆ ಅದು ಇವರ ಸ್ಪ್ಲೀನೇ ಅಂತ ಹೆಂಗೆ ಗೊತ್ತಾಗುತ್ತೆ?"

"ಗುಲ್ಮ ಪಕ್ಕೆಲುಬಿನ ಒಳಗಿಂದಲೇ ಇಳಿಯುತ್ತೆ ಅಕ್ಕ. ಅದಕ್ಕೂ ಎಲುಬಿಗೂ ನಡುವೆ ಬೆರಳು ತೂರಲ್ಲ. ಬಲಗಡೆ ಪಿತ್ತಜನಕಾಂಗವೂ ಹಾಗೇ. ಮೂತ್ರಪಿಂಡ ಊದಿದ್ರೆ ಬೆರಳು ತೂರುತ್ತೆ. ಬೆನ್ನ ಕಡೆಯಿಂದ ಒಂದು ಕೈಯಲ್ಲಿ ನೂಕಿದ್ರೆ ಮುಂದಿರೋ ಕೈಗೆ ಬಂದು ತಟ್ಟುತ್ತೆ."

"ಇಷ್ಟೇನಾ? ಇದಕ್ಕೆ ಇಷ್ಟು ವರ್ಷ ಓದಬೇಕಾ?"

"ಗೊತ್ತಿರೋದು ಬೇರೆ ಅಕ್ಕ. ಆ ಹೊತ್ತಲ್ಲಿ ಕೈಯನ್ನ ನಂಬೋದು ಬೇರೆ."

ಪರೀಕ್ಷಕರ ವಿಷಯದಲ್ಲೂ ಸುಡಲೈಮುತ್ತು ಪಂಡಿತನೇ. "ಉತ್ತರ ತಪ್ಪಾಗಿದ್ರೆ, 'ಬೇರೆ ಏನಾದ್ರೂ?' ಅಂತ ಸಿಹಿಯಾಗಿ ಕೇಳ್ತಾರೆ. ಸರಿ ಇದ್ರೆ ಏನೂ ಕೇಳಲ್ಲ. ಟಿಕ್ ಅಂತ ಪೆನ್ನು ಮುಚ್ತಾರೆ, ಅಷ್ಟೇ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ."

ಪರೀಕ್ಷೆಯ ಬೆಳಿಗ್ಗೆ ಅವನೂ ಬಂದ, ಬಿಳಿ ಅಂಗಿಯಲ್ಲಿ. ಈ ವರ್ಷವೂ ಅವನಿಗೆ ಕರೆ ಬಂದಿತ್ತು. ಈಗ ಎರಡೆರಡು ಊದಿದ್ದರಿಂದ ಅವನ ಬೆಲೆ ಏರಿತ್ತು. ಹೆಂಡತಿ ಹೊರಗಿನ ಜಗಲಿಯಲ್ಲಿ ಕೂತು ಒಂದು ಪೊಟ್ಟಣ ಕಲ್ಲುಸಕ್ಕರೆ ಅವನ ಜೇಬಿಗೆ ಹಾಕಿ ಕಳಿಸಿದ್ದಳು. ಯಾವ ಡಾಕ್ಟರಿಗೆ ಯಾವ ಹೊಟ್ಟೆ ಎಂದು ಚೀಟಿ ಎತ್ತುತ್ತಾರೆ. ಪೊನ್‌ಮಲರ್‌ಗೆ ಬಂದದ್ದು ಅವನ ಪಕ್ಕದ ಮಂಚ.

ಅಲ್ಲಿ ನಾಂಗುನೇರಿ ಕಡೆಯ ಒಬ್ಬ ಹೆಂಗಸು ಮಲಗಿದ್ದಳು. ಇಂಥದ್ದಕ್ಕೆ ಹೊಸಬಳು, ಕಣ್ಣನ್ನು ಫ್ಯಾನಿನ ಮೇಲಿಂದ ಕೀಳುತ್ತಲೇ ಇರಲಿಲ್ಲ. ಎರಡು ಮಂಚದ ನಡುವಿನ ಪರದೆಯನ್ನು ಬೆಳಕಿಗೆಂದು ಅರ್ಧ ಸರಿಸಿದ್ದರು. ಬೆಳಿಗ್ಗೆಯಿಂದ ಮೂವರು ಡಾಕ್ಟರುಗಳು ಅವಳ ಹೊಟ್ಟೆ ಒತ್ತಿ ಹೋಗಿದ್ದರು. ಅವರು ಹೇಳಿದ್ದೆಲ್ಲ ಸುಡಲೈಮುತ್ತುವಿನ ಕಿವಿಗೆ ಬಿದ್ದಿತ್ತು. ಮೂವರೂ ಹೇಳಿದ್ದು ಒಂದೇ ಮಾತು, ಅವನಿಗೆ ಚೆನ್ನಾಗಿ ಗೊತ್ತಿದ್ದ ಮಾತು.

ಹೊರಗಿನಿಂದ ಬಂದಿದ್ದ ದಪ್ಪ ಮೀಸೆಯ ಪ್ರೊಫೆಸರು, "ಹತ್ತು ನಿಮಿಷ. ಇವರ ಹೊಟ್ಟೆ ನೋಡಿ" ಎಂದು ಪಕ್ಕದವರ ಜೊತೆ ಏನೋ ಮಾತಿಗಿಳಿದರು. ಪೊನ್‌ಮಲರ್ ಅಂಗೈ ಉಜ್ಜಿಕೊಂಡಳು. ಬೆಚ್ಚಗಾಗಲಿಲ್ಲ. ಮತ್ತೆ ಉಜ್ಜುತ್ತ, ತನಗೇ ತಿಳಿಯದಂತೆ ಪರದೆಯ ಸಂದಿನಿಂದ ಆಚೆ ನೋಡಿದಳು.

ಸುಡಲೈಮುತ್ತು ಅವಳನ್ನೇ ನೋಡುತ್ತಿದ್ದ. ಬಾಯಿ ಅರ್ಧ ತೆರೆದಿತ್ತು. ಒಂದೇ ಒಂದು ಮಾತು. ಪ್ರೊಫೆಸರು ಅತ್ತ ತಿರುಗಿದ್ದರು. ಅವಳು ಕಣ್ಣು ಕೀಳಲಿಲ್ಲ. ಆಮೇಲೆ ಅವನು ಜೇಬಿಗೆ ಕೈ ಹಾಕಿ, ಪೊಟ್ಟಣದಲ್ಲಿದ್ದುದರಲ್ಲೇ ದೊಡ್ಡ ತುಂಡನ್ನು ಆರಿಸಿ ಬಾಯಿಗಿಟ್ಟುಕೊಂಡು, ಗೋಡೆಯ ಕಡೆಗೆ ಹೊರಳಿ ಮಲಗಿದ.

ಪೊನ್‌ಮಲರ್ ಅವನ ಬಿಳಿ ಬೆನ್ನನ್ನು ಒಂದು ಕ್ಷಣ ನೋಡಿದಳು. ಬಳಿಕ ಮಂಚದ ಪಕ್ಕ ಮೊಣಕಾಲೂರಿದಳು.

"ಅಮ್ಮಾ, ಎಲ್ಲಾದ್ರೂ ನೋವಿದ್ಯಾ? ನನ್ನ ಕೈ ತಣ್ಣಗಿದೆ, ಬೈಬೇಡಿ."

ಹೆಂಗಸು ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು, ಹೊಟ್ಟೆ ಸಡಿಲವಾಯಿತು. ಬಲಗಡೆಯ ಕೆಳಗಿನಿಂದ ಶುರು. ಎಡಗಡೆಯ ಗಡ್ಡೆ ಕಣ್ಣಿಗೇ ಕಾಣುವಷ್ಟು ಎದ್ದಿತ್ತು, ಇಲ್ಲಿಗೆ ಬಾ ಎಂದು ಕರೆಯುತ್ತಿತ್ತು. ಅವಳು ಹೋಗಲಿಲ್ಲ. ಬಲಗಡೆಯೇ ನಿಧಾನವಾಗಿ ಮೇಲೇರಿದಳು. ಉಸಿರು ಎಳೆದುಕೊಳ್ಳಿ ಎಂದಳು. ಬೆರಳ ತುದಿಗೆ ಏನೋ ಬಂದು ಮುಟ್ಟಿ ಹೋಯಿತು. ಚಿಕ್ಕದು. ಪಿತ್ತಜನಕಾಂಗವೇ? ಅದಕ್ಕೂ ಎಲುಬಿಗೂ ನಡುವೆ ಬೆರಳು ತೂರಿತು. ಅಲ್ಲ. ಆಗ ಎಡಕ್ಕೆ ಬಂದಳು. ಅಲ್ಲಿಯೂ ಬೆರಳು ತೂರಿತು. ಒಂದು ಕೈಯನ್ನು ಬೆನ್ನ ಕೆಳಗಿಟ್ಟು ಮೆಲ್ಲಗೆ ನೂಕಿದಳು. ಒಳಗಿನಿಂದ ಯಾರೋ ಬಾಗಿಲು ತಟ್ಟಿದಂತೆ ಮುಂದಿನ ಕೈಗೆ ಬಂದು ತಟ್ಟಿತು. ಇನ್ನೊಮ್ಮೆ ನೂಕಿದಳು, ಇನ್ನೊಮ್ಮೆ ತಟ್ಟಿತು. ಅವಳಿಗೆ ಖುಷಿಯಿಂದ ಕಣ್ಣು ತುಂಬಿಬಂತು.

ಎದ್ದು ನಿಂತಳು. "ಎರಡೂ ಮೂತ್ರಪಿಂಡ ಊದಿವೆ ಸರ್. ಎಡಗಡೆಯದು ದೊಡ್ಡದು, ಬಲಗಡೆಯದು ಚಿಕ್ಕದು. ಗುಲ್ಮ ನನ್ನ ಕೈಗೆ ಸಿಗಲಿಲ್ಲ."

ಪಕ್ಕದ ಮಂಚದಲ್ಲಿ ಬಿಳಿ ಬೆನ್ನು ಸೆಟೆದುಕೊಂಡಿತು.

ಮಧ್ಯಾಹ್ನ ಜಗಲಿಗೆ ಬಂದಾಗ ಸುಡಲೈಮುತ್ತುವಿನ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. "ತಾಯೀ, ಅವರು ಮೂವರೂ ಏನಂದ್ರು ಗೊತ್ತಾ? ಸ್ಪ್ಲೀನು! ಮೂವರೂ! ನಾನೂ ಅದನ್ನೇ ಹೇಳೋಕೆ ಬಾಯಿ ತೆರೆದಿದ್ದೆ. ನೀವು ಮೂತ್ರಪಿಂಡ ಅಂದಾಗ ನನ್ನ ಎದೆ ಒಡೆದುಹೋಯ್ತು. ಮುಗೀತು, ಈ ಸಲ ಬಾಯಿ ಮುಚ್ಚಿ ಮಗೂನ ಮುಳುಗಿಸಿದೆ ಅಂದ್ಕೊಂಡೆ."

"ಆಮೇಲೆ?" ಎಂದಳು ಪೊನ್‌ಮಲರ್. ರೋಗಿಯ ಮುಖ ನೋಡುತ್ತಿದ್ದವಳು ಪ್ರೊಫೆಸರ ಕೈ ನೋಡಿರಲಿಲ್ಲ.

"ಪ್ರೊಫೆಸರು ಆ ಮೂವರಿಗೂ 'ಬೇರೆ ಏನಾದ್ರೂ?' ಅಂತ ಕೇಳಿದ್ರು, ಜೇನು ಸುರಿಯೋ ಹಂಗೆ. ಸ್ಪ್ಲೀನು ಸರಿ, ಜೊತೆಗೆ ಇನ್ನೇನೋ ಬಿಟ್ಟಿದಾರೆ ಅಂತ್ಲೇ ನಾನು ಅಂದ್ಕೊಂಡಿದ್ದೆ. ನಿಮಗೆ ಕೇಳ್ತಾರೆ, ಈಗ ಕೇಳ್ತಾರೆ ಅಂತ ನಾನು ಗೋಡೆ ನೋಡ್ಕೊಂಡು ಕಿವಿ ನಿಗುರಿಸಿ ಮಲಗಿದ್ದೆ." ಅವನು ಬೆರಳೆತ್ತಿ, ತುಂಬಿದ ಬಸ್ಸಿನಲ್ಲಿ ಟಿಕೆಟಿಗೆ ತೂತು ಹಾಕುವವನಂತೆ ಗಾಳಿಯಲ್ಲಿ ಒತ್ತಿದ. "ಟಿಕ್."

ಪೊನ್‌ಮಲರ್ ಬೆಂಚಿನ ಮೇಲೆ ಕೂತಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ, ಏನೋ ಹೇಳಲು ಬಾಯಿ ತೆರೆದಳು. ತೆರೆದ ಬಾಯಿಗೆ ಪೇಚ್ಚಿಯಮ್ಮ ಒಂದು ತುಂಡು ಕಲ್ಲುಸಕ್ಕರೆ ಇಟ್ಟಳು.

"ಈಗ ನೀವು ಸುಮ್ನಿರಿ. ಇವರು ಬೆಳಿಗ್ಗೆಯಿಂದ ಕಟ್ಟಿ ಇಟ್ಕೊಂಡಿರೋದು ಹೊರಗೆ ಬರ್ಲಿ, ಇಲ್ದಿದ್ರೆ ಇವರ ಹೊಟ್ಟೇಲಿ ಮೂರನೇದು ಊದುತ್ತೆ."

ಸುಡಲೈಮುತ್ತು ಮೊದಲನೆಯ ಡಾಕ್ಟರಿನಿಂದ ಶುರುಮಾಡಿದ. ಪೊನ್‌ಮಲರ್ ಒಂದು ಕೆನ್ನೆ ಉಬ್ಬಿಸಿಕೊಂಡು ಕೇಳುತ್ತಿದ್ದಳು. ಅವಳ ಎರಡೂ ಕೈ ಮಡಿಲಲ್ಲಿ ಅಂಗಾತ ಬಿದ್ದಿದ್ದವು. ಪೇಚ್ಚಿಯಮ್ಮ ಅವುಗಳಲ್ಲೊಂದನ್ನು ಎತ್ತಿ ತನ್ನ ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಬೆಚ್ಚಗಿತ್ತು.