ಕೆಳಗಿನ ಸಾಲಿನ ಹಲ್ಲು

ಅಪ್ಪನನ್ನು ಜೈಲಿಗೆ ಒಯ್ದ ದಿನ ಅವರ ಕಟ್ಟಿಸಿದ ಹಲ್ಲು ಮನೆಯಲ್ಲೇ ಉಳಿದಿತ್ತು. ಮಗಳು ತಂದಾಗ ಗೇಟಿನ ವಾರ್ಡರ್ ಮೇಲಿನ ಸೆಟ್ ಒಳಗೆ ಬಿಟ್ಟು, ಕೆಳಗಿನದನ್ನು ತಡೆದ.

“ಇದ್ರಲ್ಲಿ ತಂತಿ ಇದೆಯಮ್ಮಾ.”

“ಮೇಲಿನದೊಂದೇ ಇಟ್ಕೊಂಡು ಅವರು ಏನನ್ನ ಅಗೀಬೇಕು?”

“ಅದು ನನ್ನ ಕೈಲಿಲ್ಲ.”

ಅವಳು ಅಲೆದು ಅಲೆದು ಸುಸ್ತಾದ ಮೇಲೆ ಜೈಲಿನ ಡಾಕ್ಟರು ದಾರಿ ಹುಡುಕಿದರು: ತಂತಿಯ ಹಲ್ಲು ವಾರ್ಡರನ ಬೀರುವಿನಲ್ಲಿರಲಿ, ಊಟದ ಹೊತ್ತಿಗೆ ಕೊಡಲಿ.

ಮುಂದಿನ ಭೇಟಿಯಲ್ಲಿ ಅಪ್ಪ ಇನ್ನಷ್ಟು ಸೊರಗಿದ್ದರು.

“ಹಲ್ಲು ಕೊಡ್ತಿಲ್ವಾ ಅಪ್ಪಾ?”

“ಕೊಡ್ತಾನೆ ಮಗಳೇ. ನಮ್ಮ ಊಟದ ಹೊತ್ತಿಗೇ ಅವನೂ ಬೀಗದ ಕೈ ಜೇಬಿಗಿಳಿಸಿ ಊಟಕ್ಕೆ ಹೋಗ್ತಾನೆ. ವಾಪಸ್ ಬಂದು ಹಲ್ಲು ಕೊಡೋವಾಗ ನಾನು ತಟ್ಟೆ ತೊಳೆದಿಟ್ಟಿರ್ತೀನಿ.”

ಮಗಳು ಹಣೆ ಚಚ್ಚಿಕೊಂಡಳು. ಎದ್ದು ಹೋಗಿ ಮತ್ತೆ ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತಳು.