ದ್ಯಾಮವ್ವನ ಹೆಸರಿನ ಕೆಳಗಿನ ನಂಬರ್

ನಾನು ಒಂದು ಪಿಕಪ್ ಗಾಡಿಯ ಹಿಂದಿನ ಬಾಡಿ, ಸರಕು ತುಂಬುವ ತೊಟ್ಟಿ. ಕಾರ್ಖಾನೆಯಲ್ಲಿ ತಗಡಾಗಿ ಅಚ್ಚಿನ ಕೆಳಗೆ ಬಿದ್ದು, ಏಟು ತಿಂದು ಆಕಾರ ಪಡೆದೆ. ಹುಟ್ಟಿದ್ದೇ ಏಟಿನಿಂದ. ಹಾಗಾಗಿ ಯಾರು ಹತ್ತಿರ ಬಂದರೂ ಮೊದಲು ಅವರ ಕೈ ನೋಡುವುದು ನನ್ನ ಅಭ್ಯಾಸ.

ಮೊದಲ ಮಾಲೀಕ ಶಂಕರಗೌಡ. ಮೇಲೆ ಈರುಳ್ಳಿ ಚೀಲ, ಕೆಳಗೆ ಕದ್ದ ಮರಳು. ಪೊಲೀಸರು ತಡೆದರೆ ನನ್ನನ್ನು ತಟ್ಟಿ, "ಬರೇ ಉಳ್ಳಾಗಡ್ಡಿ ಐತ್ರಿ ಸಾಹೇಬ್ರ" ಅನ್ನುತ್ತಿದ್ದ. ಅವನ ಸುಳ್ಳಿಗೆ ನಾನು ಮುಚ್ಚಳ. ಕೊನೆಗೊಂದು ದಿನ ಗಾಡಿಯನ್ನು ಸೇತುವೆಗೆ ಗುದ್ದಿ, ಕ್ಯಾಬಿನ್ ನುಜ್ಜುಗುಜ್ಜು ಮಾಡಿ, ತಾನು ಮಾತ್ರ ಇಳಿದು ಹೋದ. ತಿರುಗಿ ಕೂಡ ನೋಡಲಿಲ್ಲ. ಗುಜರಿಯವರು ಗ್ಯಾಸ್ ಬೆಂಕಿಯಿಂದ ನನ್ನನ್ನು ಕೊಯ್ದು ಬೇರೆ ಮಾಡಿದರು. ಎಂಜಿನ್ ಒಂದು ಕಡೆ, ಗಾಲಿ ಒಂದು ಕಡೆ, ನಾನು ಜಾಲಿಮುಳ್ಳಿನಲ್ಲಿ.

ಅಲ್ಲಿಗೆ ಬಂದವಳು ಹುಲಿಗೆವ್ವ. ಕುಷ್ಟಗಿಯಲ್ಲಿ ಮದುವೆಗಳಿಗೆ ಪಾತ್ರೆ, ಶಾಮಿಯಾನ ಬಾಡಿಗೆ ಕೊಡುವ ಹೆಂಗಸು. ಜೊತೆಗೆ ವೆಲ್ಡರ್ ಖಾಜಾಸಾಬ್.

"ಇದರ ತಳ ಗಟ್ಟಿ ಐತೇನೋ ಖಾಜಾ?"

"ತಳ ಗಟ್ಟಿ ಐತಿ ಅಕ್ಕ. ಮನಸಿಂದು ಗೊತ್ತಿಲ್ಲ."

"ಮನಸು ತಗೊಂಡು ನಾ ಏನ್ ಮಾಡ್ಲಿ. ಕೊಪ್ಪರಿಗಿ ಹೊತ್ರ ಸಾಕು."

ಹಿಂದಿನ ವರ್ಷ ಅವಳ ಹಳೇ ಟ್ರೇಲರಿಗೆ ನೋಂದಣಿ ಇರಲಿಲ್ಲ. ಪೊಲೀಸರು ಅದನ್ನು ದಾರಿಯಲ್ಲೇ ನಿಲ್ಲಿಸಿದರು. ಪಾತ್ರೆ ರಸ್ತೆಯಲ್ಲಿ, ಅಕ್ಕಿ ಮದುವೆಮನೆಯಲ್ಲಿ. ಬೀಗರು ಹಸಿದು ಎದ್ದು ಹೋದರು. ಹುಲಿಗೆವ್ವನ ಪಾತ್ರಿ ನಂಬಿದ್ರ ಉಪಾಸ ಎಂದು ಊರೆಲ್ಲ ಆಡಿಕೊಂಡಿತು. ಈ ವರ್ಷ ಅವಳನ್ನು ಕರೆದಿದ್ದು ಹನುಮಸಾಗರದ ಒಂದೇ ಒಂದು ಮನೆ. ಆ ಮದುವೆಗೆ ಪಾತ್ರೆ ಮುಟ್ಟದಿದ್ದರೆ ಅವಳ ಅಂಗಡಿ ಮುಚ್ಚಿದಂತೆಯೇ.

ಖಾಜಾಸಾಬ್ ನನ್ನ ಕೆಳಗೆ ಚಾಸಿಯ ಚೌಕಟ್ಟು ಕಟ್ಟಿದ, ಗಾಲಿಯ ಅಚ್ಚು ಕೂಡಿಸಿದ, ಟ್ರ್ಯಾಕ್ಟರಿಗೆ ಸಿಗಿಸುವ ಕೊಂಡಿ ಬೆಸೆದ. ಬ್ರೇಕು, ಹಿಂದಿನ ದೀಪ, ಕೆಂಪು ರಿಫ್ಲೆಕ್ಟರು ಎಲ್ಲ ಬಂದವು. ಈ ಸಲ ಯಾರ ಕಳ್ಳತನಕ್ಕೆ ಇಷ್ಟು ಸಿಂಗಾರ ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ. ಆರ್‌ಟಿಒ ಕಚೇರಿಯಿಂದ ಬಂದ ಚಾಸಿ ನಂಬರನ್ನು ಅವನು ಮುಂದಿನ ಕಬ್ಬಿಣದ ಪಟ್ಟಿಯಲ್ಲಿ ಒಂದೊಂದೇ ಅಂಕಿಯಾಗಿ ಅಚ್ಚೊತ್ತಿ ಹೊಡೆದ. ಅದಿಲ್ಲದೆ ನೋಂದಣಿ ಇಲ್ಲ.

ಆ ಕಡೆ ದೇವರ ಹೆಸರು ಬರೆಸದೆ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯುವುದಿಲ್ಲ. ಪೇಂಟರ್ ಮಾನಪ್ಪ ಬಂದ. ಹೊಡೆದ ನಂಬರಿನ ಮೇಲೆ ಪುಟ್ಟಿ ಮೆತ್ತಿದ, ಉಜ್ಜಿ ನುಣುಪು ಮಾಡಿದ, ಕೆಂಪು ಬಳಿದು ಹಳದಿಯಲ್ಲಿ 'ಶ್ರೀ ದ್ಯಾಮವ್ವ ಪ್ರಸನ್ನ' ಎಂದು ಬರೆದ. ಅಂಕಿ ಮುಚ್ಚಿಹೋಯಿತು. ಇವನೂ ಕಳ್ಳರ ಪೈಕಿಯೇ ಅಂದುಕೊಂಡೆ.

ತಪಾಸಣೆಯ ದಿನ ಮೂವರೂ ನನ್ನನ್ನು ಆರ್‌ಟಿಒ ಕಚೇರಿಗೆ ಎಳೆದೊಯ್ದರು. ಮಾರನೇ ದಿನವೇ ಮದುವೆ. ಇನ್‌ಸ್ಪೆಕ್ಟರ್ ದೀಪ ನೋಡಿದರು, ಬ್ರೇಕು ನೋಡಿದರು, ಮುಂದೆ ಬಂದು ನಿಂತರು.

"ನಂಬರ್ ಎಲ್ಲಿ?"

ಖಾಜಾಸಾಬ್ ಹುಡುಕಿದ. ಹಳದಿ ಅಕ್ಷರಗಳ ಮೇಲೆ ಬೆರಳಾಡಿಸಿದ. "ತಾಯಿ ಹೆಸರಿನ ಕೆಳಗ ಐತ್ರಿ."

"ಸ್ಕ್ರ್ಯಾಪಿನ ಹಳೇ ನಂಬರ್ ಇರಬೇಕಂತ ಮುಚ್ಚೀನ್ರಿ" ಎಂದ ಮಾನಪ್ಪ.

"ಹಳೇ ನಂಬರ್ ಮುಚ್ಚೋರೇ ಕಳ್ಳರು. ಕೆರೆದು ತೋರಿಸಿ. ಇಲ್ಲಾಂದ್ರೆ ಗಾಡಿ ಇಲ್ಲೇ ಇರುತ್ತೆ."

ಯಾರೂ ಮುಂದೆ ಬರಲಿಲ್ಲ. "ಬರದ ಕೈಲೆ ಅಳಸೂದು ನನ್ನಿಂದ ಆಗಂಗಿಲ್ರಿ" ಎಂದು ಮಾನಪ್ಪ ಹಿಂದೆ ಸರಿದ. ಎಲ್ಲರೂ ಖಾಜಾಸಾಬನ ಕಡೆ ನೋಡಿದರು. "ನಾ ಕೆರದ್ರ ನಾಳೆ ಊರಾಗ ಬ್ಯಾರೇನೇ ಕತಿ ಕಟ್ತಾರ ಅಕ್ಕ. ನನ್ನ ಬಿಟ್ಟುಬಿಡು" ಎಂದ. ಕಬ್ಬಿಣ ಬಗ್ಗಿಸುವ ಆ ಕೈಗಳನ್ನು ಬಗಲಲ್ಲಿ ಸಿಗಿಸಿಕೊಂಡ. ಕೆರೆಯಿರಿ ಎಂದ ಇನ್‌ಸ್ಪೆಕ್ಟರೇ ಕೈ ಹಿಂದೆ ಕಟ್ಟಿಕೊಂಡಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಜನ ಗಂಡಸರು, ಒಂದು ಡಬ್ಬಿ ಬಣ್ಣಕ್ಕೆ ಹೆದರುತ್ತಾರೆ. ಇನ್ನು ನನ್ನನ್ನು ಗುಜರಿಗೇ ಎಳೆಯುತ್ತಾರೆ ಎಂದು ಖಚಿತವಾಯಿತು.

ಹುಲಿಗೆವ್ವ ಸೆರಗು ಸಿಗಿಸಿಕೊಂಡು ಮಾನಪ್ಪನ ಚೀಲದಿಂದ ಪುಟ್ಟಿ ಕೆರೆಯುವ ತಗಡು ಎಳೆದಳು. ಪಟ್ಟಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಸ್ವಲ್ಪ ಸರಕೋ ಯವ್ವಾ. ನಾಳೆ ಹೆಣ್ಣಿನ ಮನಿಗೆ ಕೊಪ್ಪರಿಗಿ ಒಯ್ಯೂದೈತಿ."

ಹಳದಿ ಉದುರಿತು, ಕೆಂಪು ಉದುರಿತು, ಅಂಕಿಗಳು ಒಂದೊಂದಾಗಿ ಹೊರಬಂದವು. ಇನ್‌ಸ್ಪೆಕ್ಟರ್ ಕಾಗದದೊಂದಿಗೆ ಹೋಲಿಸಿ ನೋಡಿ, ನೋಂದಣಿಗೆ ಸಹಿ ಹಾಕಿದರು.

"ತಾಯಿ ಹೆಸರು ಮತ್ತ ಎಲ್ಲಿ ಬರೀಲಿ?" ಮಾನಪ್ಪ ಮೆಲ್ಲಗೆ ಕೇಳಿದ.

"ಬಾಜೂಕ ಬರಿ. ಅಕಿಗೇನು ಜಾಗಕ್ಕ ಬರ ಐತಾ? ನಿನಗ ಕಣ್ಣಿಗೆ ಬರ."

ಮದುವೆಯ ದಿನ ಹನುಮಸಾಗರದ ದಾರಿಯಲ್ಲಿ ಪೊಲೀಸನೊಬ್ಬ ತಡೆದ. ಬಗ್ಗಿ ನಂಬರ್ ಓದಿ, ಹೋಗಿ ಎಂದು ಕೈಬೀಸಿದ. ಹೊತ್ತಿಗೆ ಸರಿಯಾಗಿ ಅನ್ನ ಬೆಂದಿತು, ಬೀಗರು ಎರಡೆರಡು ಸಲ ಬಡಿಸಿಕೊಂಡು ಉಂಡರು.

ಆಮೇಲೆ ಎಷ್ಟೋ ಮದುವೆಗಳಿಗೆ ಹೋಗಿಬಂದೆ. ಈಗ ತಳ ತೂತು ಬಿದ್ದಿದೆ, ಗೋಡೌನಿನ ಹಿಂದೆ ನಿಂತಿದ್ದೇನೆ. ಮೊನ್ನೆ ಗುಜರಿಯವನೊಬ್ಬ ಬಂದು ನನ್ನನ್ನು ಸುತ್ತಿ ನೋಡಿದ. ಹುಲಿಗೆವ್ವ ಚಹಾ ಕೊಟ್ಟು ಕಳಿಸಿದಳು. ಕೊಡುವುದಿಲ್ಲ ಅಂದಳೋ, ನಾಳೆ ಬಾ ಅಂದಳೋ ಕೇಳಿಸಲಿಲ್ಲ. ಅನುಮಾನ ಬಂತು, ಯಾಕೆ ಬರಬಾರದು? ಅವಳೂ ಮನುಷ್ಯಳೇ. ಆದರೆ ದೇವರಿಗೇ ಸರಕೋ ಎಂದು ಎದುರಿಗೆ ಹೇಳಿದವಳು, ನನಗೆ ಹೋಗು ಎನ್ನುವುದಿದ್ದರೆ ಎದುರಿಗೆ ಬಂದು ನಿಂತೇ ಹೇಳುತ್ತಾಳೆ.